ನಿನ್ನ ಗೇಟಿನ ಕಾವಲು

ತಿರುಪ್ಪೂರು,
19 ಆಗಸ್ಟ್ 1986

ತಂಗಮಣಿಗೆ ಅಕ್ಕ ಸುಶೀಲ ಬರೆಯುವುದು.

ಕೋರ್ಟಿನ ಮುಂದೆ ನೀನು ನನ್ನ ಮುಖ ನೋಡದೆ ಕಾರು ಹತ್ತಿ ಹೋಗಿ ಇವತ್ತಿಗೆ ಹದಿನೈದು ದಿನ. ನಿನ್ನಿಂದ ಒಂದು ಕಾರ್ಡೂ ಬರಲಿಲ್ಲ. ಅಪ್ಪ ಮಗ್ಗದ ಪಕ್ಕ ಕೂರಿಸಿಕೊಂಡು ನಮ್ಮಿಬ್ಬರಿಗೂ ಕನ್ನಡ ಅಕ್ಷರ ತಿದ್ದಿಸಿದ್ದು ಒಳ್ಳೆಯದೇ ಆಯಿತು. ನಿನ್ನ ಮನೆಯಲ್ಲಿ ನಿನ್ನನ್ನು ಬಿಟ್ಟರೆ ಯಾರಿಗೂ ಇದನ್ನು ಓದಲು ಬಾರದು. ಅದಕ್ಕೇ ಏನನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು ಕಣೇ.

ನಿನ್ನ ಗಂಡ ಮಿಲ್ಲಿನ ಮ್ಯಾನೇಜರ್ ಆದಾಗ ಇರಲಿಲ್ಲ, ಆರ್.ಎಸ್. ಪುರಂನಲ್ಲಿ ಮನೆ ಮಾಡಿದಾಗಲೂ ಇರಲಿಲ್ಲ. ಈ ಚಿತ್ತಿರೈ ತಿಂಗಳಲ್ಲಿ ನಿನ್ನ ಕಾಗದ ಬಂತಲ್ಲ, ಅವತ್ತು ಹತ್ತಿಕೊಂಡಿತು. ಮಿಲ್ಲಿಗೆ ಬೀಗ ಬಿದ್ದಿದೆ, ಯಾರೋ ಕಿಟಕಿಗೆ ಕಲ್ಲು ಹೊಡೆದರು, ಅವತ್ತಿನಿಂದ ಗೇಟಿನಲ್ಲಿ ಇಬ್ಬರು ಪೊಲೀಸರು ಕೂತಿದ್ದಾರೆ ಎಂದು ಬರೆದಿದ್ದೆ. "ದೊಡ್ಡ ತೊಂದರೆ ಅಕ್ಕಾ, ಎರಡು ಹೊತ್ತು ಕಾಫಿ ಕೊಟ್ಟು ಸಾಕಾಗಿದೆ, ಹೂ ಕೀಳಲಿಕ್ಕೂ ಹೊರಗೆ ಬರಲಾಗುವುದಿಲ್ಲ" ಎಂದಿದ್ದೆ. ಅದನ್ನು ಓದಿದ ಬೆಳಿಗ್ಗೆಯೇ ನಾನು ಮೂರನೇ ಸಲ ಠಾಣೆಗೆ ಹೋಗಿ ಬಂದಿದ್ದೆ.

ಯಾಕೆ ಹೋಗುತ್ತಿದ್ದೆ ಎಂದು ನಿನಗೆ ಆಗ ಬರೆದಿರಲಿಲ್ಲ. ನನ್ನನ್ನು ಕಟ್ಟಿಕೊಂಡ ಸೆಲ್ಲಪ್ಪನ್ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದು ನಿನಗೆ ಗೊತ್ತು. ಅಪ್ಪ ನನ್ನ ಹೆಸರಿಗೆ ಬರೆದಿಟ್ಟ ಈ ಮಗ್ಗದ ಮನೆ ಅವರಿಬ್ಬರಿಗೆ ಬೇಕಾಗಿತ್ತು. ಬರೆದುಕೊಡದಿದ್ದರೆ ನೇಯುವ ಕೈಯನ್ನೇ ತೆಗೆಯುತ್ತೇನೆ ಎಂದು ಬೀದಿಯಲ್ಲಿ ನಿಂತು ಕೂಗಿದ. ಠಾಣೆಯ ಹೆಡ್ ಪೊಲೀಸ್ ಏಟಯ್ಯ ನನ್ನ ಮಾತು ಪೂರ್ತಿ ಕೇಳಿ, "ಕೈ ತೆಗೆದನಾ? ಇಲ್ಲವಲ್ಲಮ್ಮಾ. ಏನಾದರೂ ಆದರೆ ಬಾ, ಬರೆದುಕೊಳ್ಳುತ್ತೇವೆ" ಎಂದ. ನನ್ನ ಮನೆಗೊಬ್ಬ ಪೊಲೀಸನನ್ನು ಕಳಿಸಿ ಎಂದು ಕೇಳಿದ್ದಕ್ಕೆ ಅಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ನಿನ್ನ ಕಾಗದ ಬಿಚ್ಚಿದೆ. ಆ ಕಾಫಿಯ ಮಾತು ಓದಿ ಕಾಗದವನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ.

ಆಮೇಲೆ ಹತ್ತು ದಿನಕ್ಕೆ ನಿನ್ನ ಮನೆಗೆ ಹೊರಟೆನಲ್ಲ, ತಂಗಿಯ ಮೇಲಿನ ಆಸೆಯಿಂದ ಅಲ್ಲ. ಆ ಇಬ್ಬರು ಪೊಲೀಸರ ನೆರಳಲ್ಲಿ ಒಂದು ವಾರ ನೆಮ್ಮದಿಯಾಗಿ ಮಲಗಬೇಕು ಎಂಬ ಆಸೆಯಿಂದ. ಸೆಲ್ಲಪ್ಪನ್ ನನ್ನ ಹಿಂದಿನ ಬಸ್ಸಿಗೇ ಬಂದದ್ದು ನನಗೆ ತಿಳಿಯಲಿಲ್ಲ. ನಿನ್ನ ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ, ಹಿಂದಿನಿಂದ ಜಡೆ ಹಿಡಿದು ಎಳೆದ. ಅವನ ಇನ್ನೊಂದು ಕೈಯಲ್ಲಿ ಮಚ್ಚು. ಮಧ್ಯಾಹ್ನ ಹನ್ನೆರಡು ಗಂಟೆ, ಬೀದಿ ತುಂಬ ಜನ. "ಸಾರ್! ಸಾರ್!" ಎಂದು ಕಿರುಚಿದೆ. ಗೇಟಿನ ಒಳಗೆ ಬೆಂಚಿನ ಮೇಲಿದ್ದ ಇಬ್ಬರೂ ಎದ್ದು ನಿಂತರು. ನಿಂತೇ ಇದ್ದರು. "ಗಂಡ ಹೆಂಡತಿ ಜಗಳ, ದೂರ ಹೋಗಿ ಮಾಡಿಕೊಳ್ಳಿ. ನಮಗೆ ಈ ಮನೆಯ ಡ್ಯೂಟಿ" ಎಂದ ಮಾರಿಮುತ್ತು ಎಂಬ ಆ ದೊಡ್ಡವನು.

ನೀನು ಮೆಟ್ಟಿಲ ಮೇಲಿದ್ದೆ. "ಅಕ್ಕಾ!" ಎಂದು ಕೂಗಿದ್ದಷ್ಟೇ ಕೇಳಿಸಿತು. ಗೇಟು ತೆಗೆದು, ಬರಿಗಾಲಲ್ಲಿ ಬೀದಿಗೆ ಬಂದು, ನನಗೂ ಅವನಿಗೂ ನಡುವೆ ನಿಂತೆ. ಮಚ್ಚು ನಿನ್ನ ಬಲಗೈ ಮಣಿಕಟ್ಟಿಗೆ ಬಿತ್ತು. ಆಗ ಹಾರಿದರು ನೋಡು ಆ ಇಬ್ಬರೂ! ಒಂದು ನಿಮಿಷದಲ್ಲಿ ಸೆಲ್ಲಪ್ಪನ್ ನೆಲದ ಮೇಲಿದ್ದ.

ಆಸ್ಪತ್ರೆಯಲ್ಲಿ ನೀನು ಕಟ್ಟು ಹಾಕಿಸಿಕೊಂಡು ಮಲಗಿದ್ದಾಗ, ಯಾಕೆ ಬಂದೆ ಎಂದು ನಾನು ಬೈದೆ. "ನಾ ಗೇಟು ದಾಟಿದರೆ ಅವರೂ ದಾಟಲೇಬೇಕಲ್ಲಕ್ಕಾ. ಅದಕ್ಕೇ ಬಂದೆ" ಎಂದೆ ನೀನು. ಬೇರೆ ಯಾವ ಅಕ್ಕನಾದರೂ ಅಲ್ಲೇ ಅತ್ತುಬಿಡುತ್ತಿದ್ದಳು. ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನಗೆ ಬೀಳಬೇಕಾದ ಏಟೂ ನಿನಗೇ ಬಿತ್ತು, ನಿನಗೆ ಬಿದ್ದದ್ದರಿಂದಲೇ ಅದು ಕೇಸಾಯಿತು. ಮ್ಯಾನೇಜರ ಹೆಂಡತಿಯ ಮೇಲೆ ಹಲ್ಲೆ ಎಂದು ಬರೆದರು. ನಾನು ಬರೀ ಎರಡನೇ ಸಾಕ್ಷಿ. ಇದನ್ನು ನೆನೆದಾಗೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆದರೂ ಆ ಕಿಚ್ಚು ಹೋಗುವುದಿಲ್ಲ.

ಕೋರ್ಟಿಗೆ ಮುಂಚೆ ಸರ್ಕಾರಿ ವಕೀಲರನ್ನು ಕೇಳಿದೆ, ನನ್ನನ್ನು ಕಾಯುವುದು ಆ ಪೊಲೀಸರ ಕೆಲಸ ಆಗಿರಲಿಲ್ಲವೇ ಎಂದು. "ಪೊಲೀಸು ಊರಿಗೆಲ್ಲ ಕಾವಲಮ್ಮಾ, ಒಬ್ಬೊಬ್ಬರಿಗೂ ಕಾವಲಿರಲು ಆಗುತ್ತದೆಯೇ?" ಎಂದರು. "ಹಾಗಾದರೆ ನನ್ನ ತಂಗಿಯ ಗೇಟಿನಲ್ಲಿ ಕೂತವರು ಯಾವ ಊರಿಗೆ ಕಾವಲು ಸಾರ್?" ಎಂದೆ. ಅವರು ಫೈಲು ಮುಚ್ಚಿ ಎದ್ದುಹೋದರು. ಸಾಕ್ಷಿ ಹೇಳುವಾಗ ಪೊಲೀಸರ ಮಾತು ಎತ್ತಬೇಡಿ, ಮಿಲ್ಲಿಗೆ ಅವರ ದಯೆ ಬೇಕು ಎಂದು ನಿನ್ನ ಗಂಡ ಹೇಳಿಕಳಿಸಿದ್ದರು. ನಾನು ಎತ್ತಿದೆ. ಮೂರು ಸಲ ಠಾಣೆಗೆ ಹೋದದ್ದು, ಅಲ್ಲಿ ನಕ್ಕದ್ದು, ನಿನ್ನ ಗೇಟಿನಲ್ಲಿ ಅವರು ನಿಂತು ನೋಡಿದ್ದು, ಎಲ್ಲ ಹೇಳಿದೆ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಅಷ್ಟನ್ನೂ ಬರೆಸಿದರು. ನಿನ್ನ ಸಂಸಾರಕ್ಕೆ ಅದರಿಂದ ಕಷ್ಟವಾಗಿದ್ದರೆ ಬೈಯಿ, ಕೇಳಿಸಿಕೊಳ್ಳುತ್ತೇನೆ. ಹೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಹೋದ ವಾರ ಸೆಲ್ಲಪ್ಪನಿಗೆ ಜಾಮೀನು ಸಿಕ್ಕಿತು. ನನ್ನ ಮೇಲೊಂದು ಕಣ್ಣಿಡಿ ಎಂದು ಮ್ಯಾಜಿಸ್ಟ್ರೇಟರು ಠಾಣೆಗೆ ಹೇಳಿದ್ದಾರೆ. ಈಗ ದಿನಾ ಸಂಜೆ ಒಬ್ಬ ಪೊಲೀಸ್ ಸೈಕಲ್ಲಿನಲ್ಲಿ ಬಂದು ನನ್ನ ಬಾಗಿಲಲ್ಲಿ ಐದು ನಿಮಿಷ ನಿಲ್ಲುತ್ತಾನೆ. ಮೊದಲನೇ ದಿನ ನಾನು ಎಷ್ಟು ಬೀಗಿದೆ ಗೊತ್ತಾ? ಬೇಕೆಂದೇ ಬೀದಿಗೆಲ್ಲ ಕಾಣುವ ಹಾಗೆ ಅವನಿಗೆ ಕಾಫಿ ಕೊಟ್ಟೆ. ಆಗ ಎದುರು ಮನೆಯ ಸಾಮಿಯಾತಾಳ್ ಕಂಡಳು. ಗಂಡನ ಹೊಡೆತ ತಾಳದೆ ತವರಿಗೆ ಬಂದ ಮಗಳನ್ನು ಹಿಂದೆ ಬಚ್ಚಿಟ್ಟುಕೊಂಡು, ಬಾಗಿಲ ಸಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು ತಂಗಮಣಿ. ನಾಳೆ ಬೆಳಿಗ್ಗೆ ಅವರಿಬ್ಬರನ್ನೂ ಕರೆದುಕೊಂಡು ಠಾಣೆಗೆ ಹೋಗುತ್ತಿದ್ದೇನೆ.

ನಿನ್ನ ಕೈಯನ್ನು ದೇವಿ ಮಾಸಾಣಿ ಅಮ್ಮ ಬೇಗ ವಾಸಿ ಮಾಡಲಿ. ಆದಾಗ ಎರಡೇ ಸಾಲು ಬರೆ.

ಹೊಟ್ಟೆಕಿಚ್ಚಿದ್ದರೂ ನಿನ್ನವಳೇ ಆದ ಅಕ್ಕ,
ಸುಶೀಲ