ಪರದೆಯಷ್ಟು ದೊಡ್ಡ ಉಣುಗು

ಪ್ರೀತಿಯ ಮೇಷ್ಟ್ರಿಗೆ,

ನಮ್ಮ ಶಾಲೆಗೆ ಸ್ಮಾರ್ಟ್ ಟಿವಿ ಬಂದ ವಾರ ನೀವು ಶಿರಾಳಕೊಪ್ಪದ ಸಂತೆ ಮುಗಿಸಿ, ಬಸ್ಸು ಹತ್ತಿ, ಅದನ್ನು ನೋಡಲೆಂದೇ ಬಂದಿದ್ದಿರಿ. ಚೀಲದ ತುಂಬ ಬದನೆಕಾಯಿ. ನನಗೆ ಏಳನೇ ತರಗತಿಯಲ್ಲಿ ವಿಜ್ಞಾನ ಕಲಿಸಿದವರು, ನಾನು ಏಳನೇ ತರಗತಿಗೆ ಪಾಠ ಮಾಡುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದಿರಿ. ಪರದೆಯ ಮೇಲೆ ಆನೆ ಬಂತು, ಆಮೇಲೆ ಇರುವೆ ಬಂತು. "ಏನಮ್ಮಾ, ಎರಡೂ ಒಂದ ಅಳತೀಗೆ ಅದಾವಲ್ಲ?" ಎಂದಿರಿ. ಮಕ್ಕಳು ನಕ್ಕರು, ನಾನೂ ನಕ್ಕೆ. ನಿಮಗೆ ಟಿವಿ ಹಿಡಿಸಲಿಲ್ಲ ಅಂದುಕೊಂಡೆ. ಅದೇ ನಿಮ್ಮ ಕೊನೆಯ ಭೇಟಿಯಾಗುತ್ತದೆಂದು ಗೊತ್ತಿದ್ದರೆ...

ಕಳೆದ ಚಳಿಗಾಲದಲ್ಲಿ ಮಂಗನ ಕಾಯಿಲೆಯ ಪಾಠ ಮಾಡಿದೆ. ಕ್ಯಾಸನೂರಿನ ಕಡೆಯ ಈ ಊರುಗಳಲ್ಲಿ ಅದು ಬರೀ ಪಾಠವಲ್ಲ ಎಂದು ನಿಮಗೆ ಹೇಳಬೇಕೆ? ಕೊಟ್ಟಿಗೆಗೆ ಹಾಸಲು ಒಣ ಎಲೆ ತರಲು ಎಲ್ಲರೂ ಕಾಡಿಗೆ ಹೋಗುತ್ತಾರೆ, ಕಾಯಿಲೆ ಹರಡುವ ಉಣುಗು, ಅದೇ ರಕ್ತ ಹೀರುವ ಉಣ್ಣೆಹುಳ, ಇರುವುದೂ ಆ ಎಲೆಗಳಲ್ಲೇ. ವಿಡಿಯೋ ಹಾಕಿದೆ. ಎಂಟು ಕಾಲಿನ ಉಣುಗು ಪರದೆಯ ತುಂಬ ನಡೆಯಿತು. "ಅಯ್ಯಬ್ಬ, ಎಮ್ಮೆ ಇದ್ದಂಗಿದೆ ಟೀಚರ್!" ಎಂದು ಯಾರೋ ಕೂಗಿದರು. "ಅರ್ಥ ಆಯ್ತಾ?" ಅಂದೆ. "ಆಯ್ತು ಟೀಚರ್" ಎಂದು ಒಂದೇ ಸ್ವರ. ವಿಡಿಯೋದ ಕೊನೆಯ ಪ್ರಶ್ನೆಗಳಿಗೆಲ್ಲ ಸರಿಯುತ್ತರವನ್ನೇ ಕೊಟ್ಟರು.

ಸಹನಾ ಶಾಲೆಗೆ ಬರದಿದ್ದಾಗ ಅವಳ ಮನೆಗೆ ಹೋದೆ. ಆ ತರಗತಿಯ ಚುರುಕು ಹುಡುಗಿ, ಜ್ವರದಲ್ಲಿ ಕಣ್ಣು ಬಿಡಲಾಗದೆ ಮಲಗಿದ್ದಳು. ಅವಳ ತಾಯಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಎಲೆ ತರಕ್ಕೆ ಹೋದಾಗ ಕಾಲಿಗೆ ಸಣ್ಣದೊಂದು ಹತ್ತಿತ್ತು ಟೀಚರ್ರೇ. ಇನ್ಮೇಲಾದ್ರೂ ಉಣುಗು ಹತ್ತದಂಗೆ ಆಸ್ಪತ್ರೆಯವ್ರು ಕೊಟ್ಟ ಎಣ್ಣೆ ಹಚ್ಕಳೇ ಅಂದ್ರೆ, 'ಕಾಯ್ಲೆ ತರದು ಇದಲ್ಲಮ್ಮ, ಟೀಚರ್ ತೋರ್ಸಿದ್ದು ಇಷ್ಟ್ ದೊಡ್ಡದು' ಅಂತ ಅಂಗೈ ಅಗಲ ಮಾಡಿ ತೋರ್ಸಿದ್ಲು." ಆಶಾ ಕಾರ್ಯಕರ್ತೆ ರಕ್ತದ ಮಾದರಿ ಕಳಿಸಿದರು. ಮಂಗನ ಕಾಯಿಲೆಯೇ ಎಂದು ವರದಿ ಬಂತು.

ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಟಿವಿ ಹಾಕಲಿಲ್ಲ. ವಿಡಿಯೋದಿಂದಲೇ ಕಾಯಿಲೆ ಬಂತೆನ್ನುವುದು ಸರಿಯಲ್ಲ, ನೋಡದವರಿಗೂ ಬಂದಿದೆ, ಎಲ್ಲ ತಿಳಿದ ಹಿರಿಯರೂ ಎಣ್ಣೆ ಹಚ್ಚದೆ ಹೋಗುತ್ತಾರೆ. ವಿಡಿಯೋದಲ್ಲಿ ಒಂದೂ ಸುಳ್ಳಿರಲಿಲ್ಲ. ಚಿಕ್ಕದಾದ್ದರಿಂದಲೇ ಹಿಗ್ಗಿಸಿ ತೋರಿಸಿದ್ದರು. ನನಗದು ಗೊತ್ತಿತ್ತು, ಗೊತ್ತಿದ್ದರಿಂದಲೇ ಹೇಳಬೇಕೆಂದು ಹೊಳೆಯಲಿಲ್ಲ. ಕಾಡಂಚಿನ ಮಕ್ಕಳಿಗೆ ಉಣುಗು ಹೊಸತೇ? ದಿನವೂ ದನದ ಮೈಯಲ್ಲಿ ನೋಡುತ್ತಾರೆ. ಆದರೂ ಟೀಚರು ಪರದೆಯಲ್ಲಿ ತೋರಿಸಿದ್ದೇ ನಿಜವಾದದ್ದು, ತಮ್ಮ ಕಾಲಿನ ಮೇಲಿನದು ಬೇರೆ ಏನೋ ಎಂದು ನಂಬಿದರಲ್ಲ ಮೇಷ್ಟ್ರೇ... ಸಹೋದ್ಯೋಗಿಯೊಬ್ಬರು "ಆ ಡಬ್ಬಕ್ಕೆ ಬಟ್ಟೆ ಹೊದೆಸಿ ಬಿಡ್ರೀ" ಎಂದರು. ನೀವಾಗಿದ್ದರೆ ಹೊದೆಸುತ್ತಿದ್ದಿರಾ?

ಸಹನಾ ಮತ್ತೆ ಶಾಲೆಗೆ ಬಂದ ದಿನ, ಸೊರಗಿದ ಮುಖದಲ್ಲೇ ಹೇಳಿದಳು: "ಟೀಚರ್, ಆ ವಿಡಿಯೋ ಬ್ಯಾಡ. ನಾನೇ ಒಂದು ಮಾಡ್ತೀನಿ, ನಿಮ್ ಫೋನ್ ಕೊಡಿ." ಆಶಾ ಕಾರ್ಯಕರ್ತೆ ಮುಚ್ಚಿದ ಗಾಜಿನ ಶೀಶೆಯಲ್ಲಿ ಸತ್ತ ಮರಿ ಉಣುಗೊಂದನ್ನು ತಂದುಕೊಟ್ಟರು. ಸಹನಾ ಅಂಗೈ ಮೇಲೆ ಶೀಶೆ ಇಟ್ಟುಕೊಂಡು ಪಕ್ಕದಲ್ಲಿ ಒಂದು ರಾಗಿಕಾಳು ಇಟ್ಟಳು. ಅವಳ ಗೆಳತಿ ನನ್ನ ಫೋನಿನಲ್ಲಿ ವಿಡಿಯೋ ತೆಗೆದಳು.

ನಿಮಗೆ ತಿಳಿಸಬೇಕೆಂದು ಕೂತದ್ದು ನಿನ್ನೆಯ ಸಂಗತಿ. ಅದೇ ಟಿವಿಯಲ್ಲಿ ಸಹನಾಳ ವಿಡಿಯೋ ಹಾಕಿದೆ. "ಇದ್ರಲ್ಲಿ ರಾಗಿ ಯಾವ್ದು, ಉಣುಗ್ ಯಾವ್ದು? ನಂಗೆ ಕಚ್ಚಿದ್ದೂ ಇಷ್ಟೇ ಇತ್ತು" ಎಂದು ಅವಳ ದನಿ ಕೇಳಿತು. ಈ ಸಲ ಯಾರೂ "ಆಯ್ತು ಟೀಚರ್" ಅನ್ನಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳ ಜಡೆ ಎತ್ತಿ ಕಿವಿಯ ಹಿಂದೆ ನೋಡತೊಡಗಿದಳು. "ತಡಿಯೇ, ಅಲ್ಲಾಡ್ಬ್ಯಾಡ!" ಆಮೇಲೆ ಎಲ್ಲರೂ ಕಾಲಿನ ಬೆರಳ ಸಂದಿ, ಕುತ್ತಿಗೆ, ಕಾಲರಿನ ಒಳಗೆ ಹುಡುಕಿದರು. ವಿಡಿಯೋ ತನ್ನಷ್ಟಕ್ಕೆ ಓಡುತ್ತಿತ್ತು. ಒಂದು ಮಗುವೂ ಪರದೆಯ ಕಡೆ ನೋಡುತ್ತಿರಲಿಲ್ಲ ಮೇಷ್ಟ್ರೇ. ನಾನು ಯಾರನ್ನೂ ಸುಮ್ಮನಿರಿಸಲಿಲ್ಲ.

ನಿಮ್ಮ ವಿದ್ಯಾರ್ಥಿನಿ