ಅಣ್ಣನ ಗುದ್ದು, ತಮ್ಮನ ಒದೆ

ಹೊಲಿಗೆ ಕೋಣೆಯಿಂದ,
ಗುರುವಾರ, ಜೂನ್ ೧೨, ಮಧ್ಯಾಹ್ನ

ಮುದ್ದು ಮಗನೇ,

ಮುದ್ದು ಎಂದು ಬರೆದದ್ದು ಕೈಯ ಅಭ್ಯಾಸ. ಕೋಪ ಇನ್ನೂ ಸಾಸಿವೆ ಕಾಳಿನಷ್ಟೂ ಇಳಿದಿಲ್ಲ, ಗೊತ್ತಿರಲಿ. ಮೊದಲು ನಿನ್ನ ಬೆನ್ನು ಹೇಗಿದೆ ಹೇಳು. ನಾನು ಬಕೆಟ್ಟಿನಿಂದ ಹೊಡೆದ ಜಾಗ ಇನ್ನೂ ನೋಯುತ್ತಿದ್ದರೆ ಬಿಸಿನೀರಿನ ಶಾಖ ಕೊಡು. ಬಕೆಟ್ಟಂತೂ ಎರಡು ಹೋಳಾಗಿ ಮೂಲೆ ಸೇರಿದೆ. ಎಡಗಾಲಿನ ಊತ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ತೂಕ ಇಳಿಸಬೇಕೆಂದು ಮತ್ತೆ ಹೊಟ್ಟೆ ಕಟ್ಟುತ್ತಿದ್ದೀಯೋ? ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದವನ್ನು ಅರ್ಧ ಮಾತಿನಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ, ಕೂತು ಓದು.

ನಿನ್ನ ಚೀಟಿ ಬಂತು. ಮೂರು ವಾರ ಕಾದದ್ದಕ್ಕೆ ನಾಲ್ಕು ಸಾಲು! "ಅಣ್ಣ ಮೂಗಿಗೇ ಗುರಿ ಇಟ್ಟ. ಗುದ್ದು ತಪ್ಪಿತು. ತಪ್ಪದಿದ್ರೆ ನಾನೇ ಆಸ್ಪತ್ರೇಲಿ ಇರ್ತಿದ್ದೆ. ಇನ್ನು ಆ ಮನೆಗೆ ಬರಲ್ಲ." ದೊಡ್ಡವನ ಬಲಗಿವಿಯ ಹತ್ತಿರ ಕೂತು ಓದಿ ಹೇಳಿದೆ. ಬಲಗಿವಿಯೇ ಏಕೆಂದರೆ ಎಡಗಿವಿಯ ತಮಟೆ ಹರಿದು ಹೋಗಿದೆ. ಅವನು ಗೋಡೆ ಕಡೆ ತಿರುಗಿಕೊಂಡ. ದವಡೆಗೆ ತಂತಿ ಕಟ್ಟಿದ್ದಾರೆ, ಕುಡಿಯುವುದೆಲ್ಲ ಕೊಳವೆಯಲ್ಲಿ. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ಅದೆಲ್ಲ ಕೂಡಿಕೊಳ್ಳುತ್ತದಂತೆ. ಡಾಕ್ಟರು ಚಿಂತೆ ಮಾಡುತ್ತಿರುವುದು ಬೇರೆಯದಕ್ಕೆ. ಕಿವಿಯ ಒಳಗಡೆ ಮೈಯ ಸಮತೋಲ ಕಾಯುವ ಒಂದು ಜಾಗ ಇದೆಯಂತೆ, ನಿನ್ನ ಹಿಮ್ಮಡಿ ನೇರ ಅಲ್ಲಿಗೇ ಬಿದ್ದಿದೆ. ಬಚ್ಚಲಿಗೆ ಹೋಗಬೇಕೆಂದರೂ ಗೋಡೆ ಹಿಡಿಯುತ್ತಾನೆ. ತಲೆ ಚಕ್ಕನೆ ತಿರುಗಿಸಿದರೆ ವಾಂತಿ. ಸಮತೋಲ ಮೂರು ತಿಂಗಳಲ್ಲಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಬಾರದಿದ್ದರೆ ಅವನ ತರಬೇತಿ ಶಾಲೆಯ ಬೀಗ ತೆಗೆಯುವ ಪ್ರಶ್ನೆಯೇ ಇಲ್ಲ. ಶಿಷ್ಯರು ದಿನಾ ಬಂದು ಬೀಗ ನೋಡಿಕೊಂಡು ಹೋಗುತ್ತಿದ್ದಾರೆ.

ನನಗೇನು ತಿಳಿಯುತ್ತೆ ಟೇಕ್ವಾಂಡೋ ಅಂತ ನೀನು ನಗಬಹುದು. ಹದಿನೈದು ವರ್ಷದಿಂದ ಅದರ ಎರಡೂ ಪಂಗಡಕ್ಕೆ, ನಿನ್ನದಕ್ಕೂ ಅಣ್ಣನದಕ್ಕೂ, ಸಮವಸ್ತ್ರ ಹೊಲಿದವಳು ನಾನು. ನಿಮ್ಮವರದು ತಲೆಯ ಮೇಲಿಂದ ಹಾಕಿಕೊಳ್ಳುವ ಅಂಗಿ. ಅಣ್ಣನವರದು ಮುಂದೆ ತೆರೆದದ್ದು, ಅಂಚಿಗೆ ಕಪ್ಪು ಪಟ್ಟಿ. ರಿಪೇರಿಗೆ ಬಂದಾಗ ಯಾರು ಏನು ಕಲಿಯುತ್ತಿದ್ದಾರೆಂದು ಬಟ್ಟೆಯೇ ಹೇಳುತ್ತದೆ. ನಿಮ್ಮವರ ಪ್ಯಾಂಟು ಕಾಲುಗಳ ನಡುವೆ ಹರಿದಿರುತ್ತದೆ, ಅವರ ಅಂಗಿ ಕಂಕುಳಲ್ಲಿ ಬಿಚ್ಚಿರುತ್ತದೆ. ನಿಮ್ಮಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಹಾಗಾಗಿ ಕೈ ಎರಡೂ ತೊಡೆಯ ಹತ್ತಿರ ಜೋಲಾಡುತ್ತವೆ, ಕಾಲು ಮಾತ್ರ ಪೂರ್ತಿ ಜೋರಿನಿಂದ ಬೀಳಬೇಕು. ಎದೆ, ತಲೆಗಳ ಕವಚದೊಳಗಿನ ಯಂತ್ರಕ್ಕೆ ಪೆಟ್ಟು ತಗಲದಿದ್ದರೆ ಅಂಕವಿಲ್ಲ. ಅವರಲ್ಲಿ ಮುಖಕ್ಕೂ ಗುದ್ದಬಹುದು, ಆದರೆ ಜೋರಾಗಿ ತಾಗಿಸಿದರೆ ಅಂಕ ಹೋಯಿತು, ಅವಮಾನ ಬೇರೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮಿಬ್ಬರನ್ನು ತಾರಸಿಗೆ ಹತ್ತಲು ಬಿಟ್ಟೆನಲ್ಲ, ಆ ಬಕೆಟ್ಟಿನಿಂದ ಮೊದಲು ನನ್ನ ತಲೆಗೆ ಹೊಡೆದುಕೊಳ್ಳಬೇಕಿತ್ತು.

ಶುರುವಾದದ್ದು ಊಟದ ತಟ್ಟೆಯ ಮುಂದೆ. ಅವನು ನಿನ್ನ ಪದಕ ನೋಡಿ, "ಯಂತ್ರ ಎಣಿಸೋ ಆಟ ಅದು, ಯುದ್ಧಕಲೆ ಅಲ್ಲ" ಅಂದ. ನೀನು, "ನಿಮ್ದು ಮುಟ್ಟೋಕೂ ಹೆದರೋ ಡ್ಯಾನ್ಸು" ಅಂದೆ. ಅವನು ನೀರಿನ ಲೋಟ ಎಸೆದ, ನೀನು ಬಚ್ಚಲ ಬಾಗಿಲಿಗೆ ಒದ್ದು ಕೀಲು ಕಿತ್ತೆ. ನಿಮ್ಮಪ್ಪ ಇದ್ದಿದ್ದರೆ ಇಬ್ಬರಿಗೂ ಅವರವರ ಬೆಲ್ಟಿನಲ್ಲೇ ಬಾರಿಸುತ್ತಿದ್ದರು. ನಾನು, "ಹೋಗಿ, ಮೇಲೆ ಹೋಗಿ ಬಡಿದಾಡಿಕೊಂಡು ಸಾಯಿರಿ, ನನ್ನ ಮನೆ ಸಾಮಾನು ಉಳಿಯಲಿ" ಅಂದೆ. ಬಾಯಿಗೆ ಬಂದದ್ದು ಆಡಿದೆ, ನೀವು ಅದನ್ನೇ ಅಪ್ಪಣೆ ಅಂದುಕೊಂಡಿರಿ. ನಾನೂ ಹಿಂದೆಯೇ ತಾರಸಿ ಹತ್ತಿದೆ. ಎದುರುಮನೆಯ ಎಲೆಕ್ಟ್ರಿಷಿಯನ್ ಗಡಿಯಾರ ಹಿಡಿದು ನಿಂತ. ಮೂರು ಸುತ್ತು, ಇಬ್ಬರೂ ಅವರವರ ನಿಯಮದಂತೆ ಆಡುವುದು ಅಂತ ಮಾತಾಯಿತು. ಒಂದೇ ಆಟಕ್ಕೆ ಎರಡು ನಿಯಮ ಹೇಗಾಗುತ್ತೆ ಅಂತ ಕೇಳುವಷ್ಟು ಬುದ್ಧಿ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ.

ಮೊದಲ ಸುತ್ತಿನಲ್ಲಿ ನೀನು ಅವನ ಪಕ್ಕೆಗೆ ಒದ್ದ ಸದ್ದು ಕೆಳಗಿನ ರಸ್ತೆಗೂ ಕೇಳಿಸಿತು. ನೆನೆದ ಹಾಸಿಗೆಗೆ ದೊಣ್ಣೆಯಿಂದ ಬಡಿದ ಹಾಗೆ. ಅವನ ಮೈಮೇಲೆ ಎದೆಕವಚ ಇಲ್ಲ, ಅವರು ಹಾಕುವುದೇ ಇಲ್ಲ. ಅವನು ಉಸಿರು ಕಟ್ಟಿ ಬಗ್ಗಿದ, ಬಗ್ಗಿಕೊಂಡೇ ಬಂದು ನಿನ್ನ ಹಣೆಗೆ, ಕೆನ್ನೆಗೆ ಪಟಪಟ ಮುಟ್ಟಿಸಿ ಹೋದ. "ಸೊಳ್ಳೆ ಹೊಡೀತಿದೀಯಾ ಅಣ್ಣಾ?" ಅಂದೆ ನೀನು. ಅದನ್ನು ಹೇಳಬಾರದಿತ್ತು. ಎರಡನೆಯ ಸುತ್ತಿನಲ್ಲಿ ಅವನು ಮೊಳಕೈ ಅಡ್ಡ ಹಿಡಿದ, ನಿನ್ನ ಮೊಳಗಾಲು ಅದಕ್ಕೆ ಬಡಿದು ನೀನು ಕೂಗಿದೆ. ಕೂಗಿದ ಸಿಟ್ಟಿಗೆ ಮತ್ತೆ ಅದೇ ಪಕ್ಕೆಗೆ ಒದ್ದೆ. ಅವನ ಬಾಯಲ್ಲಿ ರಕ್ತ ಬಂತು, ಒಣಹಾಕಿದ ಬಿಳಿ ಅಂಗಿಗಳ ಮೇಲೆ ಉಗುಳಿದ. ನಿಲ್ಲಿಸಿ ಅಂತ ನಾನು ಕಿರುಚಿದೆ. ಯಾರು ಕೇಳುತ್ತಾರೆ?

ಮೂರನೆಯ ಸುತ್ತು ಹತ್ತು ಎಣಿಸುವಷ್ಟೂ ನಡೆಯಲಿಲ್ಲ. ಅವನು ನುಗ್ಗಿ ಬಂದ ರೀತಿ ನಾನು ಹೆತ್ತ ಮಗನದ್ದಲ್ಲ, ಕಣ್ಣಲ್ಲಿ ಕೊಲೆ ಇತ್ತು. ಬಲಗೈ ಸೀದಾ ನಿನ್ನ ಮೂಗಿಗೆ ಬಂತು. ನಿನ್ನ ಕೈ ಎರಡೂ ಕೆಳಗೇ ಇದ್ದವು. ಸತ್ತ ನನ್ನ ಕಂದ ಅಂದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ನೀನು ಬುಗುರಿ ಹಾಗೆ ತಿರುಗಿದ್ದೆ, ಹಿಮ್ಮಡಿ ಅವನ ಕಿವಿಗೆ ಬಿತ್ತು. ಅವನು ಕೈ ಅಡ್ಡ ತರಲೂ ಇಲ್ಲ, ಕಡಿದ ಮರದಂತೆ ಹೋಗಿ ನೀರಿನ ತೊಟ್ಟಿಯ ಕಟ್ಟೆಗೆ ದವಡೆ ಬಡಿದುಕೊಂಡ. ಕಿವಿಯಿಂದ ರಕ್ತ ಹರಿಯುತ್ತಿತ್ತು. ನೀನು ಬಿದ್ದವನ ಮೇಲೆ ಮತ್ತೆ ಕಾಲೆತ್ತಿದೆ. ಅದಕ್ಕೇ ಬಕೆಟ್ಟು, ಮಗನೇ. ಇನ್ನೊಮ್ಮೆ ಎತ್ತಿದರೆ ಇನ್ನೊಮ್ಮೆ ಹೊಡೆಯುತ್ತೇನೆ. ಆದರೂ ಅವನ ಗುದ್ದು ತಪ್ಪಿದ್ದು ನಿನ್ನ ಪುಣ್ಯ ಅಂತಲೇ ಇಷ್ಟು ದಿನ ನಾನೂ ನಂಬಿದ್ದೆ. ಅದೊಂದು ಕಾರಣಕ್ಕೇ ನಿನ್ನ ಮೇಲಿನ ಕೋಪವನ್ನು ಅರ್ಧ ಅವನಿಗೂ ಹಂಚಿದ್ದೆ.

ಬಚ್ಚಲ ಬಾಗಿಲಿಗೆ ನಾನೇ ಹೊಸ ಕೀಲು ಹಾಕಿದೆ. ಎಲೆಕ್ಟ್ರಿಷಿಯನ್ ನನಗೆ ಮುಖ ತೋರಿಸದೆ ಹಿಂಬದಿ ಗಲ್ಲಿಯಿಂದ ಓಡಾಡುತ್ತಾನೆ. ನಿನ್ನ ಕೋಚಿಗೆ ನನ್ನ ನಮಸ್ಕಾರ ಹೇಳು, ಬೈಗುಳ ಎದುರಿಗೆ ಸಿಕ್ಕಾಗ ಕೊಡುತ್ತೇನೆ. ನಿನಗೆ ಒಳ್ಳೆಯದಾಗಲಿ. ಕಾಲಿಗೆ ಬಂದಷ್ಟು ಬಲ ತಲೆಗೂ ಬರಲಿ.

ಇಬ್ಬರನ್ನೂ ಒಂದೇ ಹೊಟ್ಟೆಯಲ್ಲಿ ಹೊತ್ತ,
ನಿನ್ನ ಅಮ್ಮ

ಮತ್ತೆ: ಲಕೋಟೆ ಅಂಟಿಸುತ್ತಿದ್ದೆ, ದೊಡ್ಡವನು ಗೋಡೆ ಹಿಡಿದುಕೊಂಡು ಬಂದ. ತಂತಿಯ ಸಂದಿಯಿಂದಲೇ, "ತಪ್ಪಿದ್ದಲ್ಲಮ್ಮಾ, ನಿಲ್ಲಿಸಿದ್ದು" ಅಂದ. ನನಗೆ ನಂಬಿಕೆ ಬರಲಿಲ್ಲ. ನನ್ನನ್ನು ಬೀರುವಿಗೆ ಒರಗಿಸಿ ನಿಲ್ಲಿಸಿ ಮುಖಕ್ಕೆ ಗುದ್ದಿದ. ಮೂಗಿನ ತುದಿಗೆ ಗಾಳಿ ಬಡಿಯಿತು, ಮುಷ್ಟಿ ಎರಡು ಬೆರಳು ಈಚೆಗೇ ನಿಂತಿತು. ಪೂರ್ತಿ ಜೋರಿನ ಗುದ್ದು ಹಾಗೆ ನಿಂತರೆ ಅವರಲ್ಲಿ ಆಟ ಮುಗಿಯಿತಂತೆ, ಇಬ್ಬರೂ ಹಿಂದೆ ಸರಿಯಬೇಕಂತೆ. "ಅವನು ಸರೀತಾನೆ ಅಂತ ಕಾಯ್ತಾ ನಿಂತಿದ್ದೆ" ಅಂದ. ಇನ್ನೊಮ್ಮೆ ತೋರಿಸಲು ಹೋದ, ಮೈ ವಾಲಿತು, ಮುಷ್ಟಿ ನಿಲ್ಲಲಿಲ್ಲ. ನನ್ನ ಕೆನ್ನೆ ಊದಿದೆ, ಕನ್ನಡಕ ಮುರಿದಿದೆ, ಇದನ್ನು ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ಅವನು ಅಲ್ಲೇ ನೆಲಕ್ಕೆ ಕುಸಿದು, ಕೈ ನಿಲ್ಲುತ್ತಿಲ್ಲ, ಕೈ ನಿಲ್ಲುತ್ತಿಲ್ಲ ಅಂತ ಅಳುತ್ತಾನೆ. ದವಡೆಗೆ ತಂತಿ ಕಟ್ಟುವಾಗಲೂ ಅತ್ತಿರಲಿಲ್ಲ. ನೀನು ಈಗಿನ ಪಂಗಡಕ್ಕೆ ಹೋಗುವ ಮೊದಲು ಆರು ವರ್ಷ ನಿನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಗುದ್ದು ನಿಲ್ಲಿಸುವುದನ್ನು ಕಲಿತನಂತೆ. "ತಮ್ಮನ್ನ ಕರಿ. ಅವನ ಮುಖ ಎಷ್ಟು ದೂರ ಅಂತ ನನ್ನ ಕೈಗೆ ಗೊತ್ತು" ಅನ್ನುತ್ತಾನೆ. ಹೊರಟು ಬಾ. ಬಂದು ಅವನ ಮುಂದೆ ನಿಲ್ಲು. ಮೊದಮೊದಲ ಗುದ್ದುಗಳು ಬಿದ್ದೇ ಬೀಳುತ್ತವೆ. ಬೀಳಲಿ, ಕಾಲೆತ್ತಬೇಡ.