ಅಪ್ಪ ಮೆತ್ತಿದ ಸಿಮೆಂಟು

ಮಾರ್ಚ್ 14, ಗುರುವಾರ

ಮನಸ್ಸಿಗೆ ನೆಮ್ಮದಿಯೇ ಇಲ್ಲ. ಸಂತೆಪೇಟೆಯ ಯುದ್ಧ ಸ್ಮಾರಕಕ್ಕೆ ಮೂವತ್ತು ವರ್ಷದ ಹಿಂದೆ ದುರಸ್ತಿಗೆಂದು ಅಪ್ಪ ಮೆತ್ತಿದ್ದ ಸಿಮೆಂಟನ್ನು ಇವತ್ತು ಉಳಿ ಹಿಡಿದು ಬಿಡಿಸಿದೆ. ಅದರ ಸುತ್ತ ನೀರು ನಿಂತು ಕಲ್ಲೇ ಉದುರುತ್ತಿತ್ತು. ಅಡಿಯಲ್ಲಿ ಒಬ್ಬ ಸೈನಿಕನ ಹೆಸರು ಸಿಕ್ಕಿತು.

ಎದುರಿನ ಈರುಳ್ಳಿ ಅಂಗಡಿಯ ಅಜ್ಜಿ ಬಂದು ಅಕ್ಷರ ತಡವಿದರು. "ನಮ್ಮಣ್ಣನ ಹೆಸರು ಕಣಮ್ಮ! ಇಲ್ಲೇ ಇತ್ತು ಅಂತ ಎಷ್ಟು ಬಡ್ಕೊಂಡ್ರೂ ಯಾರೂ ನಂಬಲಿಲ್ಲ. ಮುಚ್ಚಿದ್ಯಾರು?"

"ಗೊತ್ತಿಲ್ಲಜ್ಜಿ" ಅಂದುಬಿಟ್ಟೆ.

ಊಟಕ್ಕೆ ಕೂತಾಗ ಅಪ್ಪ ಕೇಳಿದರು: "ನನ್ನ ಕೆಲಸ ಹೇಗಿತ್ತು ಮಗಳೇ?"

"ಗಟ್ಟಿಯಾಗಿತ್ತಪ್ಪ. ಬಿಡಿಸೋಷ್ಟ್ರಲ್ಲಿ ಸೊಂಟ ಬಿದ್ದೋಯ್ತು."

ಅಪ್ಪ ಹಿಗ್ಗಿ ಹೀರೇಕಾಯಿಯಾದರು. ನಾನು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ನಾಳೆ ತಾವೂ ಬಂದು ನೋಡುತ್ತಾರಂತೆ. ಅಜ್ಜಿ ಅಲ್ಲೇ ಇರುತ್ತಾರೆ. "ಇವರು ನಮ್ಮಪ್ಪ" ಎಂದು ಪರಿಚಯ ಮಾಡಿಕೊಡಬೇಕು. ಆಮೇಲೆ ಅಜ್ಜಿ ಮತ್ತೆ "ಮುಚ್ಚಿದ್ಯಾರು?" ಎಂದು ಕೇಳಿದರೆ ನಾನು ಏನು ಹೇಳಲಿ?